ಮೂರು ನೀರುನಾಯಿ

ಫೆಬ್ರವರಿ ೯, ಸೋಮವಾರ

ಪ್ರಾರ್ಥನೆ ಮುಗಿಸಿ ಆಸ್ಪತ್ರೆಯ ಲಾಂಡ್ರಿಗೆ ಹೋದೆ. ಬೆಡ್‌ಶೀಟ್ ಮಡಚಿ ಮಡಚಿ ತೋಳು ಬಿದ್ದುಹೋಗಿದೆ. ಮನೆಗೆ ಬಂದರೆ ಸೊಸೆಯ ರಾಗ. ಅರಣ್ಯ ಕಚೇರಿಯಲ್ಲಿ ಅವಳದು ಪ್ರಾಣಿ ಎಣಿಸುವ ಕೆಲಸ. ಜೊತೆಯವಳಿಗೆ ಜ್ವರವಂತೆ, ದೋಣಿಯಲ್ಲಿ ಎಣಿಸಲು ಇಬ್ಬರು ಇರಲೇಬೇಕಂತೆ. ನಾಳೆ ರಜೆ ಹಾಕಿ ಬನ್ನಿ ಅಂದಳು. ನನಗೆ ಈಜು ಬರುವುದಿಲ್ಲ ಅಂದೆ. "ಪ್ರಾಣಿಗಳಿಗೆ ಬರುತ್ತೆ ಅತ್ತೆ, ನೀವು ಎಣಿಸಿದ್ರೆ ಸಾಕು." ಮಾತಿಗೇನೂ ಕಡಿಮೆ ಇಲ್ಲ.

ಫೆಬ್ರವರಿ ೧೦, ಮಧ್ಯಾಹ್ನ

ಹೋಗಿ ಬಂದೆ. ಬಟ್ಟೆಯೆಲ್ಲ ಕೆಸರು. ಕಾಂಡ್ಲಾ ಕಾಡು ಅಂದರೆ ಉಪ್ಪುನೀರಿನಲ್ಲೇ ನಿಂತ ಕಾಡು. ಬೇರುಗಳು ಕೆಸರಿನಿಂದ ಮೇಲೆದ್ದಿವೆ, ಉಸಿರಾಡುವುದಕ್ಕಂತೆ. ಮೀನೊಂದು ಕೆಸರಿನ ಮೇಲೆ ನಡೆದುಕೊಂಡು ಹೋಯಿತು. ದೇವರಿಗೆ ಕೆಲಸದಲ್ಲಿ ಬೇಸರ ಅನ್ನುವುದೇ ಇಲ್ಲ. ಕೊಕ್ಕರೆ ಹನ್ನೊಂದು, ಮಿಂಚುಳ್ಳಿ ನಾಲ್ಕು.

ಒಂದು ಕಾಲುವೆಯಲ್ಲಿ ಮೋಟರಿಗೆ ಬಲೆ ಸುತ್ತಿಕೊಂಡಿತು. ಸೊಸೆಯೂ ದೋಣಿಯವನೂ ಬಗ್ಗಿ ಬಿಡಿಸುತ್ತಿದ್ದರು. ಆಗ ಕಂಡದ್ದು, ನನಗೊಬ್ಬಳಿಗೇ — ನೀರುನಾಯಿ. ತಾಯಿ, ಹಿಂದೆ ಎರಡು ಮರಿ. ಕೂಗುವಷ್ಟರಲ್ಲಿ ಮುಳುಗಿದವು.

ಸೊಸೆ ಕುಣಿದುಬಿಟ್ಟಳು. ಆಮೇಲೆ ಕೈಯಲ್ಲಿದ್ದ ಬಲೆಯ ಕಡೆ ನೋಡಿದಳು. ಮರಿ ಇದ್ದರೆ ಅಲ್ಲೇ ಮನೆ ಮಾಡಿವೆ ಅಂತ ಲೆಕ್ಕ. ಆಗ ಆ ಕಾಲುವೆಯಲ್ಲಿ ಬಲೆ ಹಾಕುವುದು ಬಂದ್. ಕಂಡವರೇ ಗುರುವಾರ ಕಚೇರಿಗೆ ಬಂದು ಬರೆದು ಸಹಿ ಮಾಡಬೇಕು.

ಬಲೆ ಯಾರದೆಂದು ಕೇಳಬೇಕೆ. ಅಲ್ಲಿ ಏಡಿ ಹಿಡಿಯುವವನು ನನ್ನ ತಮ್ಮನೊಬ್ಬನೇ. ಇಪ್ಪತ್ತು ವರ್ಷದಿಂದ.

ಫೆಬ್ರವರಿ ೧೧

ನಿನ್ನೆ ರಾತ್ರಿ ತಮ್ಮನಿಗೆ ನಾನೇ ಫೋನ್ ಮಾಡಿ ಹೇಳಿದೆ. ಬೇರೆಯವರ ಬಾಯಿಂದ ಕೇಳುವುದು ಬೇಡ. ಬೆಳಿಗ್ಗೆಯೇ ಬಂದ. ಟೀ ಮುಟ್ಟಲಿಲ್ಲ.

"ಅಕ್ಕಾ, ನೋಡಿಲ್ಲ ಅನ್ನು ಅಂತ ಹೇಳಲ್ಲ. ನೀನು ಸುಳ್ಳು ಹೇಳೋಳಲ್ಲ, ಗೊತ್ತು. ಒಂದೇ ಒಂದು ಅನ್ನು. ಒಂದಾದ್ರೆ ದಾರಿ ತಪ್ಪಿ ಬಂದಿದ್ದು ಅಂತ ಬರ್ಕೊಂಡು ಬಿಟ್ಬಿಡ್ತಾರೆ."

ಒಂದು ಕಂಡದ್ದೂ ನಿಜ ತಾನೆ. ಮೂರರೊಳಗೆ ಒಂದು ಇದೆಯಲ್ಲ... ಕೆಲಸದಲ್ಲೂ ಇದೇ ಯೋಚನೆ. ಸಂಜೆ ಪ್ರಾರ್ಥನೆಗೆ ಕೂತರೆ ಒಂದು ಸಾಲೂ ಬಾಯಿಗೆ ಬರಲಿಲ್ಲ. ದೇವರಿಗೂ ಎಣಿಸಲು ಬರುತ್ತದೆ.

ಫೆಬ್ರವರಿ ೧೨

ಮೂರು ಅಂತ ಬರೆದು ಸಹಿ ಮಾಡಿದೆ. ಹೊರಗೆ ಬಂದು ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸೊಸೆ ನೀರು ತಂದುಕೊಟ್ಟಳು.

ಮಾರ್ಚ್ ೩

ಕಾಲುವೆಯ ಬಾಯಿಗೆ ಬೋರ್ಡ್ ಹಾಕಿದ್ದಾರೆ. ತಮ್ಮ ಫೋನ್ ಎತ್ತುವುದಿಲ್ಲ. ಇವತ್ತು ಅವನ ಹೆಂಡತಿ ಎತ್ತಿದಳು. ಈಗ ಆಚೆ ದೂರದ ಕಾಲುವೆಗೆ ಹೋಗುತ್ತಾನಂತೆ, ಎರಡು ಗಂಟೆ ಹುಟ್ಟು ಹಾಕಬೇಕಂತೆ. ಚೆನ್ನಾಗಿದ್ದೀರಾ ಅತ್ತಿಗೆ ಅಂತಲೂ ಕೇಳಲಿಲ್ಲ.

ಮಾರ್ಚ್ ೮, ಭಾನುವಾರ, ಬೆಳಿಗ್ಗೆ ೭

ಈಗಷ್ಟೇ ತಮ್ಮ ಬಂದಿದ್ದ. ಬಾಗಿಲಲ್ಲೇ ನಿಂತ. ಒಳಗೆ ಬಾ ಅಂದೆ, ಬರಲಿಲ್ಲ. ಬೈಯಲಿ ಅಂತ ಕಾದೆ.

"ಮೂರು ಅಂತ ಬರ್ದಿದೀಯಂತೆ."

ಹೌದು ಅಂದೆ.

"ನಾಲ್ಕು. ಇನ್ನೊಂದು ಮರಿಗೆ ಕಾಲು ಸರಿ ಇಲ್ಲ, ಯಾವಾಗ್ಲೂ ಹಿಂದೆ ಉಳಿಯುತ್ತೆ. ದಿನಾ ಅದು ದಾಟೋವರೆಗೂ ನಾನು ಬಲೆ ಇಳಿಸ್ತಿರಲಿಲ್ಲ."

ಅಷ್ಟೇ. ತಿರುಗಿ ಹೊರಟುಬಿಟ್ಟ. ಹಿಂದೆ ಓಡಿ ಕರೆಯಬೇಕಿತ್ತು, ಇಲ್ಲಿ ಕೂತು ಬರೆಯುತ್ತಿದ್ದೇನೆ. ಇನ್ನೂ ಬಸ್‌ಸ್ಟಾಪ್ ಮುಟ್ಟಿರಲಾರ. ಚಪ್ಪಲಿ ಎಲ್ಲಿ —