ಅವಳ ಉಗ್ಗು ಗುಣವಾಗಿದೆ

ಶಾಲೆಯ ಆಟದ ಸಾಮಾನಿನ ಕೋಣೆ
ಶುಕ್ರವಾರ, ಮೂರನೆಯ ತಾರೀಖು

ಪ್ರೀತಿಯ ಅಕ್ಕಾ,

ಕಾಲಿನ ಬಾವು ಇಳಿಯಿತೇ? ಎಂಟು ತಿಂಗಳು ತುಂಬಿದೆ, ಇನ್ನಾದರೂ ಬಕೆಟ್ ಎತ್ತುವುದನ್ನು ಬಿಡು. ಭಾವನಿಗೂ ಎರಡು ಕೈ ಇವೆ ಎಂದು ನೆನಪಿಸು. ಒಳಗಿರುವವರು ಈಗಲೂ ಸರಿಯಾಗಿ ನೀನು ಊಟಕ್ಕೆ ಕೂತಾಗಲೇ ಒದೆಯುತ್ತಾರೇನು?

ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ನನ್ನ ತಂಗಿ ಸ್ಪೀಚ್ ಥೆರಪಿಸ್ಟ್, ಮಕ್ಕಳಿಗೆ ಮಾತು ಬರಿಸುತ್ತಾಳೆ ಎಂದು ನೀನು ಅಕ್ಕಪಕ್ಕದವರಿಗೆಲ್ಲ ಹೇಳಿಕೊಳ್ಳುತ್ತೀಯ. ಇಲ್ಲಿ ನನ್ನ ಬಾಯಿಯೇ ಕಟ್ಟಿಹೋಗಿದೆ. ಮೂರು ಶಾಲೆ, ಎಪ್ಪತ್ತೊಂದು ಮಕ್ಕಳು, ನಾನೊಬ್ಬಳು. ಈ ಶಾಲೆಯಲ್ಲಿ ನನಗೆ ಸಿಕ್ಕಿರುವುದು ಕಿಟಕಿಯಿಲ್ಲದ ಈ ಕೋಣೆ. ಒಂದು ಕಡೆ ಗಾಳಿ ಹೋದ ಚೆಂಡುಗಳು, ಇನ್ನೊಂದು ಕಡೆ ಹಗ್ಗದ ಸುರುಳಿ, ನಡುವೆ ಒಂದು ಕನ್ನಡಿ, ಎರಡು ಪುಟ್ಟ ಕುರ್ಚಿ. ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತದೆ.

ಮೂರನೇ ಕ್ಲಾಸಿನಲ್ಲಿ ಒಬ್ಬಳಿದ್ದಾಳೆ. ಉಗ್ಗು. ತನ್ನ ಹೆಸರಿನ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆಂದು, ಯಾರಾದರೂ ಹೆಸರು ಕೇಳಿದರೆ ಗೆಳತಿಯ ಹೆಸರು ಹೇಳಿಬಿಡುತ್ತಾಳೆ. ಅದು ಸಲೀಸಂತೆ! ನಾಲ್ಕು ತಿಂಗಳು ಪಟ್ಟು ಹಿಡಿದ ಮೇಲೆ ಹೋದ ತಿಂಗಳು ತನ್ನದೇ ಹೆಸರನ್ನು ನಿಧಾನವಾಗಿ ಹೇಳಿದಳು. ಇಬ್ಬರೂ ಹುಚ್ಚರ ಹಾಗೆ ನಕ್ಕೆವು.

ಹೋದ ವಾರ ಹೆಡ್‌ಮಿಸ್ ಕರೆಸಿದರು. "ಹತ್ತೊಂಬತ್ತು ಮಕ್ಕಳು ಕಾಯ್ತಿದಾರೆ. ಹೆಸರು ಹೇಳೋಕೆ ಬಂತಲ್ಲ, ಅವಳದು ಮುಗೀತು ಅಂತ ಬರೆದುಕೊಡಿ." ಈಗಷ್ಟೇ ಶುರುವಾಗಿದೆ ಮೇಡಂ ಎಂದೆ. "ಹಾಗಾದ್ರೆ ಯಾರ ಹೆಸರು ಹೊಡೆದುಹಾಕ್ಲಿ? ನೀವೇ ಹೇಳಿ." ಅವರೇನು ಕೆಟ್ಟವರಲ್ಲ, ಅವರ ತಲೆಯ ಮೇಲೂ ಯಾರೋ ಕೂತಿದ್ದಾರೆ. ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದೆ. ಒಂದೊಂದು ಹೆಸರಿಗೂ ಒಂದೊಂದು ಮುಖ. ಕೊನೆಗೆ 'ಗುಣವಾಗಿದೆ' ಎಂದು ಬರೆದು ಸಹಿ ಹಾಕಿದೆ.

ನಿನ್ನೆ ಹನ್ನೊಂದಕ್ಕೆ ಅವಳು ಎಂದಿನಂತೆ ಬಾಗಿಲು ತಟ್ಟಿದಳು. ಅವಳ ಕುರ್ಚಿಯಲ್ಲಿ ಬೇರೆ ಮಗು ಕೂತಿತ್ತು. "ಮಿಸ್, ನಾ... ನಾ... ನಾನು ಸರಿಹೋದ್ನಂತೆ. ನಿ... ನಿಜಾನಾ?" ನಿಧಾನವಾಗಿ ಹೇಳು, ಕಾಯ್ತೀನಿ ಎನ್ನುತ್ತಿದ್ದವಳು ನಾನು. "ಕ್ಲಾಸಿಗೆ ಹೋಗು ಪುಟ್ಟಾ, ತಡ ಆಗುತ್ತೆ" ಎಂದುಬಿಟ್ಟೆ. ಅಳಲಿಲ್ಲ, ತಲೆಯಾಡಿಸಿ ಹೋದಳು. ಸಂಜೆ ಗೇಟಿನಲ್ಲಿ ಹೊಸ ಕಾವಲುಗಾರ ಹೆಸರೇನಮ್ಮಾ ಎಂದಾಗ ಮತ್ತೆ ಗೆಳತಿಯ ಹೆಸರನ್ನೇ ಹೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಇವತ್ತು ಊಟದ ಬಿಡುವಿನಲ್ಲಿ ಯಾರಿಗೂ ಹೇಳದೆ ಅವಳನ್ನು ಕೂರಿಸಿಕೊಂಡೆ. ನಿಜ ಅಲ್ಲ, ನಾನು ಸುಳ್ಳು ಬರೆದೆ ಎಂದೆ. "ಯಾ... ಯಾಕೆ?" ಎಂದಳು. ಇನ್ನು ಮೇಲೆ ನಾನು ಈ ಶಾಲೆಗೆ ಬರುವ ದಿನವೆಲ್ಲ ಇದೇ ಹೊತ್ತಿಗೆ ಬಾ ಎಂದಷ್ಟೇ ಹೇಳಿದೆ.

ಭಾವನಿಗೆ ನಮಸ್ಕಾರ. ಬರಲಿರುವವರ ಎರಡೂ ಕೆನ್ನೆಗೆ ಚಿಕ್ಕಮ್ಮನ ಮುತ್ತು.

ಹಗಲೆಲ್ಲ ನಿನ್ನ ಹಿಂದೆಯೇ ಸುತ್ತುತ್ತಿದ್ದ,
ಬಾಲ

ವಿ.ಸೂ.: ಗಂಟೆ ಹೊಡೆಯಿತು, ಬೇಗ ಬರೆಯುತ್ತಿದ್ದೇನೆ. ಹೆರಿಗೆಗೆ ನಾನು ಬರುತ್ತಿಲ್ಲ. ರಜೆ ಸಿಗಲಿಲ್ಲ ಎನ್ನೋಣವೆಂದಿದ್ದೆ, ಆದರೆ ಸಿಕ್ಕಿತ್ತು. ಕೇಳಿದ ಕೂಡಲೇ, ಇಡೀ ತಿಂಗಳು. ನಾನು ಅತ್ತ ಹೋದ ಮೇಲೆ ಈ ಕೋಣೆ ಖಾಲಿ ಮಾಡಿಸುತ್ತಾರೆ, ಮತ್ತೆ ಕೊಡುವುದಿಲ್ಲ ಎಂದು ಶಾಲೆಯ ಆಯಾ ಹೇಳಿದಳು. ರಜೆಯ ಚೀಟಿ ಹರಿದುಹಾಕಿದೆ. ಅಮ್ಮನಿಲ್ಲದ ನಿನಗೆ ನಾನೊಬ್ಬಳೇ ಎಂಬುದು ಗೊತ್ತು. ಎಷ್ಟು ಬೇಕಾದರೂ ಬೈದು ಬರೆ, ಸುಮ್ಮನೆ ಮಾತ್ರ ಇರಬೇಡ.