ಕಂಪ್ಯೂಟರಿನ ಸೋಮವಾರ

ಕೈಲಾಸದಲ್ಲೂ ಒಂದು ಖುರ್ಚಿ ಹಿಡಿದು ಕೂತಿರಬಹುದಾದ ನನ್ನ ಕಾಕಾನಿಗೆ,

ಶರಣು ಶರಣಾರ್ಥಿ ಎಂದು ಬರೆಯುತ್ತಿಲ್ಲ. ನೀನು ಹೋಗಿ ಮೂರು ತಿಂಗಳಾದರೂ ನಿನ್ನ ಮೇಲಿನ ನನ್ನ ಸಿಟ್ಟು ಹೋಗಿಲ್ಲ.

ನೆನಪಿದೆಯೇ, ಕಂಪನಿಯ ಹುಬ್ಬಳ್ಳಿ ಆಫೀಸಿನ ಸಾಹೇಬ ಲ್ಯಾಪ್‌ಟಾಪ್ ಹಿಡಿದು ಕುಬಿಹಾಳಕ್ಕೆ, ನೀನು ಮೇಲ್ವಿಚಾರಣೆ ಮಾಡುತ್ತಿದ್ದ ಮೆಣಸಿನಕಾಯಿ ಕಣಕ್ಕೆ ಬಂದದ್ದು? "ಬರೋ ಸುಗ್ಗೀನ ಮೊದಲ ಕಂಪ್ಯೂಟರಿನೊಳಗ ನಡಿಸಿ ನೋಡ್ತೀವ್ರಿ. ಆರಸಾಕ ಎಷ್ಟು ಮಂದಿ ಬೇಕು ಅಂತ ಅದ ಹೇಳ್ತದ" ಅಂದ. ನೀನು ದೇವರ ಮುಂದೆ ನಿಂತವನಂತೆ ಟೊಪ್ಪಿಗೆ ತೆಗೆದೆ.

ದಿನದಿನದ ಮಾಲಿನ ಲೆಕ್ಕವನ್ನು ಕಂಪ್ಯೂಟರಿಗೆ ತುಂಬುವಾಗ, ನಿನ್ನ ಕೈಕೆಳಗಿನ ಗುಮಾಸ್ತನಾದ ನಾನು ಸೋಮವಾರಕ್ಕೆ ಸೊನ್ನೆ ಹಾಕಿದೆ. ನಮ್ಮಲ್ಲಿ ಅದು ಬಸವಣ್ಣನ ವಾರ, ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಚಕ್ಕಡಿ ಹೊರಡುವುದಿಲ್ಲ. ಆ ಮಾಲೆಲ್ಲ ಮಂಗಳವಾರ ಒಮ್ಮೆಲೇ ಬಂದು ಬೀಳುತ್ತದೆ. ಸೊನ್ನೆ ಕಂಡು ಪರದೆ ಕೆಂಪಾಯಿತು.

"ಕಂಪ್ಯೂಟರ್ ಸಿಟ್ಟಿಗೆದ್ದೈತಿ ನೋಡಲೇ! ವಾರದ ಮಾಲು ಏಳೂ ದಿನಕ್ಕ ಸಮ ಹಂಚಿ ಹಾಕು."

"ಎತ್ತಿಗೆ ಯಾರು ಹೇಳಾವ್ರು ಕಾಕಾ?"

ಇಬ್ಬರೂ ನಕ್ಕೆವು. ಪರದೆ ಹಸಿರಾಯಿತು.

ದಿನವೂ ಸಮನಾಗಿ ಮಾಲು ಬರುವುದಾದರೆ ಇಪ್ಪತ್ತು ಹೆಂಗಸರೇಕೆ, ಹತ್ತು ಸಾಕು ಎಂದು ಆ ಯಂತ್ರಮಹಾಪ್ರಭು ತೀರ್ಪು ಕೊಟ್ಟಿತು. ಹತ್ತು ಜನ ಸಾಕೇ ಎಂದು ಸಭೆಯಲ್ಲಿ ಸಾಹೇಬ ನಿನ್ನನ್ನೇ ಕೇಳಿದ. ಆಗಲಾದರೂ ಸೋಮವಾರದ ಮಾತು ಎತ್ತಬಾರದಿತ್ತೇ? "ಹೌದ್ರಿ ಸಾಹೇಬ್ರ" ಅಂದುಬಿಟ್ಟೆ. ಹತ್ತು ಮನೆಯ ಹೆಂಗಸರ ಕೆಲಸ ಹೋಯಿತು. ಆಮೇಲೆ ನೀನು ಹಾಯಾಗಿ ಸತ್ತೆ. ಸುಗ್ಗಿ ಎದುರಿಸಲು ನಾವಿದ್ದೆವಲ್ಲ...

ಮೊನ್ನೆ ಮಂಗಳವಾರ ಉಳಿದ ಹತ್ತು ಜನ ರಾಶಿಯಲ್ಲಿ ಮುಳುಗಿದ್ದರು. ನಾನು ಪರಮ ಗಾಂಭೀರ್ಯದಿಂದ ಸಾಹೇಬನಿಗೆ ಫೋನ್ ಮಾಡಿದೆ: "ನಿಮ್ಮ ಕಂಪ್ಯೂಟರಿಗೆ ಸನ್ಮಾನ ಇಟ್ಕೊಂಡೇವ್ರಿ, ಬರ್ರಿ." ಬಂದ. ಲ್ಯಾಪ್‌ಟಾಪ್ ಸಮೇತ ಅವನಿಗೇ ಹಾರ ಹಾಕಿ ರಾಶಿಯ ನಡುವೆ ಕೂರಿಸಿದೆ. ಸೀನತೊಡಗಿದ. ಆರಿಸುವವರಲ್ಲಿ ಹಿರಿಯಳಾದ ನೀಲವ್ವ ಅವನ ಮುಂದೆ ಬುಟ್ಟಿ ಸುರಿದಳು. "ಹತ್ತ ಮಂದಿ ಸಾಕಂತಲ್ರಿ? ನೀವು ಹನ್ನೊಂದನೇದವ್ರು. ಆರಸ್ರಿ!"

ಆಗ ಸೋಮವಾರದ ಗುಟ್ಟು ಬಿಚ್ಚಿ, ತಪ್ಪೆಲ್ಲ ನಿನ್ನ ಮೇಲೆ ಹೊರಿಸಿದೆ. ಸತ್ತವರಿಗೆ ವರ್ಗಾವಣೆಯ ಭಯವಿಲ್ಲವಲ್ಲ.

"ಅವ ಹೇಳಿದಾ, ಸೈ. ತುಂಬಿದಾವ ಯಾರಲೇ?" ನೀಲವ್ವ ಕೇಳಿದಳು.

ಕೈ ಎತ್ತಬೇಕಾಯಿತು.

ಸಾಹೇಬ ಅಲ್ಲೇ ಕೂತು, ಸೊನ್ನೆಗಿದ್ದ ಅಡ್ಡಿ ತೆಗೆದು, ಸೋಮವಾರದ ಮಾಲನ್ನು ಮಂಗಳವಾರಕ್ಕೆ ಸೇರಿಸಿ ಮತ್ತೆ ನಡೆಸಿದ. ಇಪ್ಪತ್ತು ಜನ ಬೇಕೆಂದಿತು. ಬರುವ ಮಂಗಳವಾರ ಹತ್ತೂ ಹೆಂಗಸರು ಮರಳಿ ಬರುತ್ತಾರೆ, ಕಾಕಾ. ಅಂದು ಮುಖಕ್ಕೆ ಬಟ್ಟೆ ಕಟ್ಟದೆ ಅವರ ಜೊತೆ ಕೂತು ಆರಿಸುವುದು ನನಗೆ ನೀಲವ್ವ ಕೊಟ್ಟ ಶಿಕ್ಷೆ. ಕಣ್ಣಲ್ಲಿ ನೀರು ಬರುತ್ತದೆ, ಗೊತ್ತು. ನಿನ್ನ ನೆನಪಿಗೆ ಅಳುತ್ತಿದ್ದಾನೆ ಅಂದುಕೊಂಡು ಅಲ್ಲಿ ಕೂತು ಬೀಗಬೇಡ. ಮೆಣಸಿನಕಾಯಿಯ ಘಾಟು ಅದು.