ಅಮ್ಮನ ಕಪಾಟಿನ ಬಾಗಿಲಿಗೆ ವಾರ್ನಿಷ್

ಕುಮಾಸಿ, ಆಗಸ್ಟ್ 12, ಮಂಗಳವಾರ

ವಾರ್ನಿಷ್ ಇವತ್ತೂ ಒಣಗಿಲ್ಲ. ಶನಿವಾರ ಅಮ್ಮನನ್ನು ಮಣ್ಣು ಮಾಡಬೇಕು. ಅವಳು ಇನ್ನೂ ಶವಾಗಾರದ ತಣ್ಣನೆಯ ಪೆಟ್ಟಿಗೆಯಲ್ಲಿದ್ದಾಳೆ. ಬಂದ ನೆಂಟರ ಕಣ್ಣಿಗೆ ಮನೆ ಹೊಸದಾಗಿ ಕಾಣುವ ತನಕ ನಮ್ಮಲ್ಲಿ ಯಾರನ್ನೂ ಹೂಳುವುದಿಲ್ಲ. ಗೋಡೆಗೆಲ್ಲ ಬಣ್ಣವಾಯಿತು. ಉಳಿದದ್ದು ಅಡುಗೆಮನೆ ಕಪಾಟಿನ ಬಾಗಿಲುಗಳು.

ಅಮ್ಮ ತಾಳೆಎಣ್ಣೆ ಮೆತ್ತಿದ ಕೈಯಲ್ಲೇ ಅವನ್ನು ತೆರೆದು ಮುಚ್ಚುತ್ತಿದ್ದಳು. ಹಿಡಿಗಳ ಸುತ್ತ ಅವಳ ಬೆರಳಿನ ಕಪ್ಪು ಕಲೆ.

ಬಡಗಿ ಓಪೊಂಗ್ ಮೊದಲೇ ಹೇಳಿದ್ದ. "ಅಕ್ಕ, ಮರ ಎಣ್ಣೆ ಕುಡಿದುಬಿಟ್ಟಿದೆ. ಎಣ್ಣೆನೇ ಇನ್ನೊಂದ್ಸಲ ಸವರಿ, ಸಾಕು. ವಾರ್ನಿಷೇ ಬೇಕಂದ್ರೆ ಪೂರ್ತಿ ಉಜ್ಜಿ ತೆಗೀಬೇಕು, ಇಲ್ದಿದ್ರೆ ಎಣ್ಣೆ ಮೇಲೆ ಒಣಗಲ್ಲ."

ನನಗೆ ಎಣ್ಣೆಯೇ ಸಾಕಿತ್ತು. ಆದರೆ ಸಾವಿನ ಮನೆಯಲ್ಲಿ ನಡೆಯುವುದು ಸೋದರಮಾವನ ಮಾತು, ಮಗಳದಲ್ಲ.

"ಎಣ್ಣೆ ಹಚ್ಚಿದ್ರೆ ಹೊಳೆಯುತ್ತೇನೇ? ಬಂದವ್ರು ಮುಖ ನೋಡ್ಕೊಳ್ಳೋ ಹಾಗಿರ್ಬೇಕು. ಉಜ್ಜೋಕೆಲ್ಲ ಟೈಮಿಲ್ಲ, ಮೇಲೇ ಬಳೀಲಿ," ಎಂದರು ಮಾವ.

"ನಿಮ್ಮಕ್ಕ ಬದುಕಿದ್ದಾಗ ಒಂದು ದಿನಾನಾದ್ರೂ ಈ ಅಡುಗೆಮನೆಗೆ ಬಂದಿದ್ರಾ, ಮಾವ?"

"ಬಾಯಿ ಜಾಸ್ತಿ ಆಯ್ತು ನಿಂದು."

ಓಪೊಂಗ್ ತಲೆ ತಗ್ಗಿಸಿಕೊಂಡು ಬಳಿದುಹೋದ. ಬಾಗಿಲುಗಳೇನೋ ಹೊಳೆಯುತ್ತಿವೆ. ಹಿಡಿಗಳ ಸುತ್ತ ಮಾತ್ರ, ಅವಳ ಕೈ ಆಡಿದ ಕಡೆ, ಅಂಟು ಹೋಗುತ್ತಿಲ್ಲ.

ಸಂಜೆ ಮಾವ ಬಂದು ಬೆರಳಿಟ್ಟು ನೋಡಿದರು. "ಇದು ಒಣಗೋ ತನಕ ಮಣ್ಣು ಮಾಡೋದನ್ನ ಮುಂದಕ್ಕೆ ಹಾಕೋಣ. ಅಕ್ಕ ಎಲ್ಲಿಗೆ ಹೋಗ್ತಾಳೆ?" ಎಂದು ಪಂಚೆಗೆ ಕೈ ಒರೆಸಿಕೊಂಡು ಹೊರಟರು.

ಅವರು ಹೋದ ಮೇಲೆ ನಾನೂ ಅಲ್ಲೇ ಬೆರಳೊತ್ತಿದೆ. ವಾರ್ನಿಷಿನ ಪೊರೆ ಕಿತ್ತು ಬಂತು. ಅಡಿಯಲ್ಲಿ ಅಮ್ಮನ ಕಲೆ ಹಾಗೇ ಇತ್ತು. ಕೈ ತೊಳೆಯಲು ಮನಸ್ಸಾಗಲಿಲ್ಲ. ಬರೆಯುವ ಪೆನ್ನು ಬೆರಳಿಗೆ ಅಂಟುತ್ತಿದೆ.